ರಾಗಿ ಬಿಯರಿಗೆ ಇಟ್ಟ ಎರಡು ಲೋಟ

ಅದು ಬಿಯರ್ ಆಗಬೇಕಿತ್ತು. ಆದದ್ದು ಅಂಬಲಿ. ಪರ್ತ್‌ನ ನಮ್ಮ ಮನೆಯ ಹಿತ್ತಿಲಲ್ಲಿ, ಗ್ಯಾಸ್ ಒಲೆಯ ಮೇಲೆ, ಮದುವೆಮನೆಯಲ್ಲಿ ಸಾರು ಕಾಯಿಸುವಷ್ಟು ದೊಡ್ಡ ಸ್ಟೀಲ್ ಪಾತ್ರೆಯ ತುಂಬ ಕಂದು ಬಣ್ಣದ ಅಂಬಲಿ ಕುಳಿತಿತ್ತು. ಪಾತ್ರೆಯ ತಳದಲ್ಲೊಂದು ನಲ್ಲಿ. ಅದನ್ನು ತಿರುಗಿಸಿದರೆ ಸಿಹಿಯಾದ ತಿಳಿ ರಸ ಹರಿದು ಬರಬೇಕು, ಅದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿದರೆ ಬಿಯರ್. ನಾನು ನಲ್ಲಿ ತಿರುಗಿಸಿದೆ. ಒಂದು ತೊಟ್ಟೂ ಬರಲಿಲ್ಲ. ಚಮಚದ ಹಿಡಿಯಿಂದ ನಲ್ಲಿಯ ಬಾಯಿ ಚುಚ್ಚಿದೆ. ಊದಿದೆ. ಬೈದೆ. ಕೊನೆಗೆ ಪಾತ್ರೆಗೇ ಒಂದು ಒದ್ದೆ. ನನ್ನ ಕಾಲ್ಬೆರಳು ಊದಿಕೊಂಡಿತೇ ಹೊರತು ಪಾತ್ರೆಗೆ ಏನೂ ಆಗಲಿಲ್ಲ.

"ನಿಂಗೆ ಕೋಪ ಮೂಗಿನ ತುದೀಲೇ ಇರತ್ತೆ" ಎಂದು ನಮ್ಮಮ್ಮ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಆವತ್ತಿನ ಕೋಪ ಬರೀ ಪಾತ್ರೆಯ ಮೇಲಿನದಲ್ಲ. ಅದನ್ನು ಹೇಳಬೇಕಾದರೆ ಬ್ರಿಸ್ಬೇನಿನ ವರಾಂಡದಿಂದ ಶುರು ಮಾಡಬೇಕು.

ನಾನೂ ನನ್ನ ಗಂಡನೂ ಓದಿದ್ದು ಇಲ್ಲೇ ಪರ್ತ್‌ನಲ್ಲಿ, ಬೆಂಟ್ಲಿಯ ವಿಶ್ವವಿದ್ಯಾಲಯದಲ್ಲಿ, ಒಂದೇ ತರಗತಿ. ಹಾಗಾಗಿ ಅವನು ನನಗೆ ಇವತ್ತಿಗೂ 'ಅವನು', 'ನೀನು'. ಅವನ ಅಕ್ಕನ ಎದುರು ಮಾತ್ರ 'ನೀವು', 'ಬನ್ನಿ', 'ಹೋಗಿ'. ಮದುವೆಯಾದ ಮೇಲೆ ಕೆಲಸ ಸಿಕ್ಕಿದ್ದು ಬ್ರಿಸ್ಬೇನಿನಲ್ಲಿ. ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ, ಹಿಂದುಗಡೆ ವರಾಂಡ, ಎರಡು ಬೆತ್ತದ ಕುರ್ಚಿ. ಸಂಜೆ ಇಬ್ಬರೂ ಕೆಲಸದಿಂದ ಬಂದ ಮೇಲೆ ಫ್ರಿಜ್ಜಿನಿಂದ ಒಂದೇ ಒಂದು ಬಿಯರ್ ಬಾಟಲಿ ತೆಗೆಯುತ್ತಿದ್ದೆವು. ಇಬ್ಬರೂ ಅಂಥ ಕುಡುಕರೇನಲ್ಲ. ಒಬ್ಬರಿಗೆ ಇಡೀ ಬಾಟಲಿ ಜಾಸ್ತಿ, ಅರ್ಧ ಸರಿಹೋಗುತ್ತಿತ್ತು. ಮದುವೆಗೆ ಯಾರೋ ಕೊಟ್ಟಿದ್ದ ಎರಡು ಸ್ಟೀಲ್ ಲೋಟಗಳಿಗೆ ಅದನ್ನು ಸಮನಾಗಿ ಬಗ್ಗಿಸಿಕೊಂಡು ಕೂರುತ್ತಿದ್ದೆವು. ಲೋಟ ಖಾಲಿಯಾಗುವವರೆಗೆ ಫೋನ್ ಮುಟ್ಟುತ್ತಿರಲಿಲ್ಲ. ಯಾರೂ ಮಾಡಿದ ನಿಯಮವಲ್ಲ ಅದು, ತಾನಾಗಿ ಆದದ್ದು.

ನಮ್ಮ ಸಂಸಾರ ನಡೆದದ್ದೇ ಆ ಅರ್ಧ ಗಂಟೆಯಲ್ಲಿ. ಪರ್ತ್‌ಗೆ ವಾಪಸ್ ಹೋಗೋಣವೆಂದು ತೀರ್ಮಾನಿಸಿದ್ದು ಅಲ್ಲಿ. ಅವನ ಅಪ್ಪನಿಗೆ ಆರೋಗ್ಯ ಸರಿಯಿಲ್ಲವೆಂದು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿ ಅತ್ತದ್ದು ಅಲ್ಲಿ. ಜಗಳವಾಡಿದ ದಿನವೂ ಬಾಟಲಿ ತೆರೆಯುತ್ತಿತ್ತು. ಮುಖ ಊದಿಸಿಕೊಂಡೇ ಕೂರುತ್ತಿದ್ದೆವು, ಲೋಟದ ತಳ ಕಾಣುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ನಕ್ಕಿರುತ್ತಿದ್ದರು. ಆ ಕುರ್ಚಿಗಳನ್ನು ಪರ್ತ್‌ಗೂ ಹೊತ್ತು ತಂದೆವು.

ಇಲ್ಲಿಗೆ ಬಂದ ಮೇಲೆ ಅವನ ಹೊಟ್ಟೆ ಕೆಟ್ಟಿತು. ತಿಂದದ್ದು ಮೈಗೆ ಹತ್ತದೆ ಸೊರಗಿಹೋದ. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಹೇಳಿದ್ದು ಸೀಲಿಯಾಕ್ ಎಂದು. ಗೋಧಿ, ಬಾರ್ಲಿ, ಇಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಅವನ ಕರುಳಿಗೆ ವಿಷ. ಒಂದು ಚೂರೂ ಕೂಡದು, ಬದುಕಿರುವವರೆಗೂ ಕೂಡದು. ಊಟದ ಚಿಂತೆ ನನಗೆ ಬರಲಿಲ್ಲ. ಅನ್ನ, ಮುದ್ದೆ, ಜೋಳದ ರೊಟ್ಟಿ, ದೋಸೆ ಇರುವ ಮನೆಯಲ್ಲಿ ಗೋಧಿ ಹೋದರೆ ಹೋಯಿತು. ಕಾವಲಿ, ಲಟ್ಟಣಿಗೆ, ಜರಡಿ ಎಲ್ಲವನ್ನೂ ಎಸೆದು ಹೊಸದು ತಂದೆ. ಬೇರೆಯವರ ಮನೆಯ ಅಡುಗೆಕೋಣೆಗೂ ನುಗ್ಗುತ್ತಿದ್ದೆ. "ಆಂಟಿ, ಆ ಸೌಟು ಶಾವಿಗೆ ಪಾಯ್ಸಕ್ಕೆ ಹಾಕಿದ್ದಾ? ಹಾಗಾದ್ರೆ ಸಾಂಬಾರಿಗೆ ಬೇರೆ ಸೌಟು ಕೊಡಿ." ನಾನು ಬಂದರೆ ಸಾಕು, ಕನ್ನಡದವರ ಮನೆಗಳಲ್ಲಿ ಹೆಂಗಸರು ಸೌಟುಗಳನ್ನು ಬಚ್ಚಿಡುತ್ತಿದ್ದರು. ನನಗೆ ನಾಚಿಕೆಯೇನೂ ಆಗುತ್ತಿರಲಿಲ್ಲ.

ಆದರೆ ಬಿಯರ್ ಮಾಡುವುದು ಬಾರ್ಲಿಯಿಂದ. ಅಂಗಡಿಯಲ್ಲಿ ಗ್ಲುಟೆನ್ ಇಲ್ಲದ ಬಿಯರ್ ಸಿಗುತ್ತದೆ, ಅದನ್ನೂ ತಂದೆ. ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಪಾತ್ರೆ ತೊಳೆದ ನೀರು ಕಣೆ" ಎಂದ. ಇನ್ನೊಂದು ಬಗೆ ತಂದೆ, ಅದಕ್ಕೂ ಅದೇ ಮುಖ. ಮಜ್ಜಿಗೆ ಮಾಡಿ ಅದೇ ಸ್ಟೀಲ್ ಲೋಟದಲ್ಲಿ ಕೊಟ್ಟೆ. ನಿಂತಲ್ಲೇ ಗಟಗಟ ಕುಡಿದು, ಲೋಟ ಸಿಂಕಿನಲ್ಲಿಟ್ಟು, ಸೋಫಾದಲ್ಲಿ ಕಾಲು ಚಾಚಿ ಫೋನ್ ಹಿಡಿದ. ಮಜ್ಜಿಗೆ ಕುಡಿಯಲು ಯಾರಾದರೂ ಅರ್ಧ ಗಂಟೆ ಕೂರುತ್ತಾರೆಯೇ?

ನನಗೆ ಬೇಕಿದ್ದದ್ದು ಬಿಯರಲ್ಲ, ಆ ಅರ್ಧ ಗಂಟೆ. ನನ್ನ ಗಂಡ ನನ್ನೆದುರು ಕೂತು ಮಾತಾಡಬೇಕಿತ್ತು. ಕಾಯಿಲೆ ಬಂದ ಮೇಲೆ ಅವನು ಒಳಗೇ ಮುದುಡಿಕೊಂಡಿದ್ದ, ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೆ. "ಬಾರೋ, ಕೂತ್ಕೋ, ಮಾತಾಡು" ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲು ನನಗೆ ಅಹಂಕಾರ. ಕೇಳಿ ಪಡೆಯುವಂಥದ್ದೇ ಅದು? ಹಿತ್ತಿಲಲ್ಲಿ ಎರಡು ಕುರ್ಚಿಗಳ ಮೇಲೂ ಧೂಳು ಕೂತಿತು.

ಒಂದು ದಿನ ಮುದ್ದೆ ತಿರುವುತ್ತಿದ್ದಾಗ ಹೊಳೆಯಿತು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮೊಳಕೆ ಕಟ್ಟಿದ ಬಾರ್ಲಿಯಿಂದ ಬಿಯರ್ ಆಗುವುದಾದರೆ ಮೊಳಕೆ ಕಟ್ಟಿದ ರಾಗಿಯಿಂದ ಏಕಾಗಬಾರದು? ಮನೆಯಲ್ಲಿ ಬಿಯರ್ ಮಾಡುವವರು ಸಾಮಾನ್ಯವಾಗಿ ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕದಿಂದ ಶುರು ಮಾಡುತ್ತಾರೆ. ನೀರಿಗೆ ಬೆರೆಸಿ ಯೀಸ್ಟ್ ಹಾಕಿದರೆ ಮುಗಿಯಿತು. ಆದರೆ ಆ ಪಾಕವೂ ಬಾರ್ಲಿಯದೇ. ಹಾಗಾಗಿ ನನಗೆ ಸುಲಭದ ದಾರಿ ಇರಲಿಲ್ಲ. ಕಾಳಿನಿಂದಲೇ ಶುರುವಾಗಬೇಕಿತ್ತು. ಕಾಳು ಪುಡಿ ಮಾಡಿ, ಬಿಸಿನೀರಲ್ಲಿ ನೆನೆಸಿ, ಸಿಹಿ ಇಳಿಸಿ, ಸೋಸಿ. ನಾನು ಗಣಿ ಕಂಪನಿಯಲ್ಲಿ ಮೆಟಲರ್ಜಿಸ್ಟ್. ಕಲ್ಲು ಪುಡಿ ಮಾಡಿ, ನೆನೆಸಿ, ಸೋಸಿ ಚಿನ್ನ ತೆಗೆಸುವುದು ನನ್ನ ಕೆಲಸ. ಕಲ್ಲಿನಿಂದ ಚಿನ್ನ ತೆಗೆಯುವವಳು ಕಾಳಿನಿಂದ ಸಕ್ಕರೆ ತೆಗೆಯಲಾರೆನೇ ಎಂದುಕೊಂಡೆ. ಆ ಜಂಬಕ್ಕೆ ಸರಿಯಾಗಿ ಪಾಠವಾಯಿತು.

ರಾಗಿಯನ್ನು ನೆನೆಸಿ, ಅವನ ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಮೊಳಕೆ ಬರಿಸಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಮುಂದೇನು ಮಾಡಬೇಕೆಂದು ಅಡಿಲೇಡಿನ ನನ್ನ ನಾದಿನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ನನ್ನ ಗಂಡನ ಅಕ್ಕ, ಇರುವುದು ಅಲ್ಲಿನ ಮಾಡ್ಬರಿ ಬಡಾವಣೆಯಲ್ಲಿ. ಇಡೀ ಬಳಗಕ್ಕೆ ಹುರಿಹಿಟ್ಟು ಮಾಡಿ ಹಂಚುವವರು ಅವರೇ.

"ಒಣಗಿದ್ಮೇಲೆ ಹುರೀಬೇಕು ಕಣಮ್ಮ. ಹುರೀದೇ ಇದ್ರೆ ರಾಗೀಲೇನಿದೆ ಮಣ್ಣು? ಘಮ ಬರೋವರ್ಗೂ ಹುರಿ."

ಹುರಿದೆ. ಹಿತ್ತಿಲು, ಮನೆ, ಪಕ್ಕದ ಮನೆ ಎಲ್ಲ ಘಮಘಮ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದೆ. ಬಿಸಿನೀರಿಗೆ ಸುರಿದೆ, ಥರ್ಮಾಮೀಟರ್ ಹಿಡಿದು ಕಾದೆ. ಆದದ್ದೇ ಆ ಅಂಬಲಿ. ಸೋಸಲು ಬರಲಿಲ್ಲ ಎನ್ನುವುದು ಒಂದು ಕಡೆಯಾದರೆ, ನಾಲಿಗೆಗೆ ಇಟ್ಟು ನೋಡಿದರೆ ಸಿಹಿಯೇ ಇಲ್ಲ. ಮಗುವಿಗೆ ತಿನ್ನಿಸುವ ರಾಗಿ ಸರಿಯೇ ಅದು, ಬೇರೇನಲ್ಲ.

ಕ್ಯಾನಿಂಗ್ಟನ್ ಕಡೆ ಮನೆಬಿಯರ್ ಸಾಮಾನು ಮಾರುವ ಒಂದು ಅಂಗಡಿಯಿದೆ. ಒಂದು ಆರ್ವೊ, ಅಂದರೆ ಇಲ್ಲಿಯವರ ಮಾತಿನಲ್ಲಿ ಮಧ್ಯಾಹ್ನ, ಕೆಲಸ ಬೇಗ ಮುಗಿಸಿ ಅಲ್ಲಿಗೆ ಹೋದೆ. ಅಂಗಡಿಯವನು ಗಡ್ಡ ಬಿಟ್ಟ, ಸದಾ ನಗುವ ಮನುಷ್ಯ. ಏನು ಕೇಳಿದರೂ ಮೊದಲು "ನೋ ವರೀಸ್" ಎನ್ನುತ್ತಾನೆ. ನಾನು ಹುರಿದೆ ಎಂದ ಕೂಡಲೇ ತಲೆ ಆಡಿಸಿದ. ಮೊಳಕೆ ಬಂದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದೆ, ಅದಕ್ಕಾಗಿಯೇ ಮೊಳಕೆ ಕಟ್ಟುವುದು, ಹುರಿದರೆ ಅದು ಸತ್ತುಹೋಗುತ್ತದೆ ಎಂದ. ಕಿಣ್ವದ ವಿಷಯ ನಾನು ಹೈಸ್ಕೂಲಿನಲ್ಲಿ ಓದಿದವಳು! ಆದರೂ ಅಕ್ಕ ಹುರಿ ಎಂದರು, ಹುರಿದೆ. ಘಮ ಬಂದರೆ ಎಲ್ಲ ಸರಿಯಾಗಿದೆ ಎಂದು ನಮ್ಮ ಮೂಗು ನಂಬಿಬಿಟ್ಟಿದೆ.

ಅಂಗಡಿಯವನು ಇನ್ನೊಂದು ಮಾತೂ ಹೇಳಿದ. ರಾಗಿಗೆ ಬಾರ್ಲಿಯ ಹಾಗೆ ಸಿಪ್ಪೆಯಿಲ್ಲ, ಸೋಸುವಾಗ ಕಟ್ಟಿಕೊಳ್ಳುತ್ತದೆ, ಅದಕ್ಕೆ ಭತ್ತದ ಹೊಟ್ಟು ಬೆರೆಸು ಎಂದು ಒಂದು ಚೀಲ ಎತ್ತಿ ಕೌಂಟರಿನ ಮೇಲಿಟ್ಟ. ನನಗೆ ನಗು ಬಂತು. ನಮ್ಮ ಕಡೆ ಹೊಟ್ಟನ್ನು ಮೊರದಲ್ಲಿ ಕೇರಿ ಗಾಳಿಗೆ ಹಾರಿಸುತ್ತಾರೆ, ನಾನು ದುಡ್ಡು ಕೊಟ್ಟು ಹೊಟ್ಟು ಹೊತ್ತುಕೊಂಡು ಹೋಗಬೇಕೇ? ಬೇಡ ಎಂದು ಬಂದುಬಿಟ್ಟೆ. ಮನೆಗೆ ಬಂದು, ಎರಡನೇ ಸಲ ಮೊಳಕೆ ಕಟ್ಟಿ ಬಿಸಿಲಲ್ಲಿ ಒಣಗಿಸಿದ ರಾಗಿಯನ್ನು ಮೊರದಲ್ಲಿ ಹಾಕಿಕೊಂಡು ಶಾಸ್ತ್ರೋಕ್ತವಾಗಿ ಕೇರಿದೆ. ಒಂದು ಎಳೆ ಕಸ, ಒಂದು ಚೂರು ಹೊಟ್ಟು ಉಳಿಯದಂತೆ ಹಸನು ಮಾಡಿದೆ. ನಮ್ಮಜ್ಜಿ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಪಾತ್ರೆ ಮಾತ್ರ ಮತ್ತೆ ಕಟ್ಟಿಕೊಂಡಿತು. ಈ ಸಲ ರುಚಿ ಸಿಹಿಯಾಗಿತ್ತು, ಅದೇ ಹೊಟ್ಟೆ ಉರಿಸಿದ್ದು. ಸಿಹಿ ಒಳಗಿದೆ, ಹೊರಗೆ ಬರುತ್ತಿಲ್ಲ.

ಹೊಟ್ಟು ಜರಡಿಯ ಕೆಲಸ ಮಾಡುತ್ತದೆ, ಅದು ನಡುನಡುವೆ ಜಾಗ ಬಿಟ್ಟರೇ ರಸ ಇಳಿಯುವುದು ಎನ್ನುವುದು ನನಗೆ ತಿಳಿಯದ ವಿಷಯವಲ್ಲ. ಕಾರ್ಖಾನೆಯಲ್ಲಿ ಕಲ್ಲುಪುಡಿ ತೀರಾ ನುಣ್ಣಗಾಗಿ ಸೋಸುವ ಬಟ್ಟೆ ಕಟ್ಟಿಕೊಂಡರೆ ಹುಡುಗರಿಗೆ ಬೈಯುವವಳೇ ನಾನು. ಮನೆಗೆ ಬಂದು ಮೊರ ಹಿಡಿದ ಕೂಡಲೇ ಓದಿದ್ದೆಲ್ಲ ಎಲ್ಲಿ ಹೋಯಿತೋ. ಪಾತ್ರೆಯಲ್ಲಿದ್ದದ್ದನ್ನು ಪಂಚೆಗೆ ಸುರಿದು, ಗಂಟು ಹಾಕಿ, ಬಟ್ಟೆ ಹಿಂಡುವ ಹಾಗೆ ಹಿಂಡಿದೆ. ಅರ್ಧ ಬಕೆಟ್ ಬಗ್ಗಡ ಬಂತು. ಬರಲಿ, ಅದರಲ್ಲೇ ಬಿಯರ್ ಮಾಡುತ್ತೇನೆ ಎಂದು ಹಟ ಹಿಡಿದು ಕುದಿಸಿದೆ.

ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ಪರ್ತ್‌ನ ಕನ್ನಡದವರಲ್ಲಿ ನನ್ನ ದೋಸೆಹಿಟ್ಟಿಗೆ ಹೆಸರಿದೆ. ಎಂಥ ಚಳಿಯಲ್ಲೂ ನನ್ನ ಹಿಟ್ಟು ಉಬ್ಬುತ್ತದೆ. "ನಿಮ್ಮ ಕೈಗುಣ ಬಿಡಿ" ಎನ್ನುತ್ತಾರೆ. ಗುಟ್ಟೇನಿಲ್ಲ, ಸೌಟು ಬಿಟ್ಟು ಕೈಯಲ್ಲಿ ಕದಡುತ್ತೇನೆ, ಲಾಂಡ್ರಿ ಕೋಣೆಯ ಬೆಚ್ಚನೆಯ ಮೂಲೆಯಲ್ಲಿಡುತ್ತೇನೆ. ಇದೂ ಹುದುಗುವ ವಸ್ತುವೇ ತಾನೇ? ತಣ್ಣಗಾದ ರಸಕ್ಕೆ ಯೀಸ್ಟ್ ಹಾಕಿ, ಮೊಣಕೈವರೆಗೆ ಕೈ ಇಳಿಸಿ, ಚೆನ್ನಾಗಿ ಕದಡಿ, ಅದೇ ಬೆಚ್ಚನೆಯ ಮೂಲೆಯಲ್ಲಿಟ್ಟೆ. ಸಾಲದ್ದಕ್ಕೆ ದಿನವೂ ಮುಚ್ಚಳ ತೆಗೆದು ಉಬ್ಬಿದೆಯೇ ಎಂದು ಇಣುಕಿದೆ. ಉಬ್ಬಿತು, ಉಬ್ಬದೇ ಏನು! ನೊರೆ ಉಕ್ಕಿ ನೆಲಕ್ಕೆ ಬಂತು. ನಾನು ಗೆದ್ದೆ ಎಂದುಕೊಂಡು ಬಾಟಲಿಗಳಿಗೆ ತುಂಬಿದೆ.

ಕೈಯಲ್ಲಿರುವ ಸೂಕ್ಷ್ಮಜೀವಿಗಳೇ ದೋಸೆಹಿಟ್ಟಿಗೆ ಬೇಕಾದದ್ದು, ಬಿಯರಿಗೆ ಅವೇ ಶತ್ರು. ದೋಸೆಹಿಟ್ಟಿಗೆ ಸೆಕೆ ಬೇಕು, ಬಿಯರಿನ ಯೀಸ್ಟ್ ಸೆಕೆಗೆ ತಲೆಕೆಟ್ಟು ಏನೇನೋ ಮಾಡುತ್ತದೆ. ಇದೆಲ್ಲ ಅಂಗಡಿಯವನು ಆಮೇಲೆ ಹೇಳಿದ್ದು. ಬಾಟಲಿ ತೆರೆದಾಗ ಮೂಗಿಗೆ ಬಡಿದದ್ದು ನೇಲ್ ಪಾಲಿಶ್ ತೆಗೆಯುವ ಎಣ್ಣೆಯ ವಾಸನೆ, ಅದರ ಹಿಂದೆಯೇ ಮರೆತುಬಿಟ್ಟ ದೋಸೆಹಿಟ್ಟಿನ ಹುಳಿ. ಆದರೂ ಆಸೆ ಕೆಟ್ಟದ್ದು. ಕುರ್ಚಿ ಒರೆಸಿ, ಎರಡು ಲೋಟಕ್ಕೆ ಬಗ್ಗಿಸಿ, ಅವನನ್ನು ಕರೆದೆ. ಬಂದ. ಕೂರಲಿಲ್ಲ. ನಿಂತೇ ಒಂದು ಗುಟುಕು ಕುಡಿದ. ಅವನ ಕಣ್ಣು ಒಂದು ಕ್ಷಣ ಮುಚ್ಚಿತು.

"ಚೆನ್ನಾಗಿದೆ" ಎಂದ.

"ಸುಳ್ಳು ಬೊಗಳ್ಬೇಡ."

"ಇಲ್ಲ ಕಣೆ, ನಿಜವಾಗ್ಲೂ. ಸ್ವಲ್ಪ ಹುಳಿ, ಅಷ್ಟೆ."

"ಹುಳಿನಾ? ಇದ್ರಲ್ಲಿ ಗೋಡೆ ಬಣ್ಣ ಕೀಳ್ಬಹುದು! ಚೆನ್ನಾಗಿಲ್ಲ ಅನ್ನೋಕೆ ನಿಂಗೇನು ರೋಗ?"

ರೋಗ ಎಂಬ ಮಾತು ಬಾಯಿಂದ ಬಿದ್ದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಅವನು ಲೋಟ ಮೆಲ್ಲಗೆ ಕುರ್ಚಿಯ ಕೈ ಮೇಲಿಟ್ಟ. "ಯಾಕೆ ಇಷ್ಟು ಒದ್ದಾಡ್ತೀಯ? ಬಿಟ್ಬಿಡು. ನಂಗೆ ಬಿಯರ್ ಬೇಡ ಕಣೆ. ಅದಿಲ್ದೆ ಸತ್ತೋಗಲ್ಲ ನಾನು." ಹೇಳಿ ಒಳಗೆ ಹೋದ. ಸೋಫಾದ ಸ್ಪ್ರಿಂಗು ಕಿರ್ರೆಂದಿತು. ನಾನು ಎರಡು ಲೋಟವನ್ನೂ ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿದೆ. ನನಗೆ ಬೇಕು ಕಣೋ, ನನಗೆ ಬೇಕು ಎಂದು ಗಿಡಕ್ಕೆ ಹೇಳಿದೆ. ಅವನಿಗೆ ಹೇಳಲಿಲ್ಲ.

ಆ ಸಿಟ್ಟಿನಲ್ಲಿಯೇ ದೀಪಾವಳಿಗೆ ಅಡಿಲೇಡಿಗೆ ಹೋದೆವು. ನಾದಿನಿಯ ಮನೆಯ ಹಿತ್ತಿಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ. ಕನ್ನಡದ ಗಂಡಸರೆಲ್ಲ ಕೈಯಲ್ಲೊಂದು ಬಾಟಲಿ ಹಿಡಿದು ಗುಂಪುಗೂಡಿ ನಿಂತಿದ್ದರು. ನನ್ನ ಗಂಡನ ಕೈಯಲ್ಲಿ ನೀರಿನ ಲೋಟ. ಯಾರೋ ಒಬ್ಬರು, "ಏನ್ ಸಾರ್, ಮೇಡಂ ಪರ್ಮಿಷನ್ ಇಲ್ವಾ?" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಕಾಯಿಲೆಯ ಕಥೆ ಹೇಳಿ ಯಾರ ಬಾಯಿ ಕಹಿ ಮಾಡಲಿ ಎಂದುಕೊಂಡಿರಬೇಕು. ಸ್ವಲ್ಪ ಹೊತ್ತಿನಲ್ಲಿ ಮೆಲ್ಲಗೆ ಗುಂಪಿನಿಂದ ಜಾರಿ ಒಳಗೆ ಹೋಗಿ ಟಿವಿ ಮುಂದೆ ಕೂತ. ಅಡುಗೆಮನೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಬೇಡವಂತೆ! ಬೇಡದವನ ಮುಖ ಹಾಗಿರುತ್ತದೆಯೇ?

"ಅಕ್ಕ, ನೀವು ಹುರಿ ಅಂದ್ರಲ್ಲ, ಅದ್ರಿಂದ್ಲೇ ಮೊದಲನೇದು ಹಾಳಾಗಿದ್ದು" ಎಂದು ಹಪ್ಪಳ ಕರಿಯುತ್ತಿದ್ದ ನಾದಿನಿಯ ಮೇಲೆ ಹರಿಹಾಯ್ದೆ.

"ಅಯ್ಯೋ, ನೀನು ಹುರಿಹಿಟ್ಟು ಮಾಡ್ತಿದೀಯ ಅಂದ್ಕೊಂಡೆ ಕಣಮ್ಮ. ಹೆಂಡ ಮಾಡ್ತಿದೀನಿ ಅಂತ ನೀನ್ಯಾವಾಗ ಹೇಳ್ದೆ?" ಎಂದರು ಅವರು. ಹೇಳಿರಲಿಲ್ಲ, ನಿಜ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು ನನ್ನ ಕಥೆ. ಬಾಯಿ ಮುಚ್ಚಿಕೊಂಡು ಹಪ್ಪಳ ಎತ್ತಿದೆ.

ಪರ್ತ್‌ಗೆ ಬಂದು ಮೂರನೇ ಸಲ ಕೂತೆ. ಈ ಸಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಿದೆ. ರಾಗಿ ಹುರಿಯಲಿಲ್ಲ, ಬಿಸಿಲಲ್ಲಿ ಒಣಗಿಸಿದೆ. ಬಾಯಿ ಮುಚ್ಚಿಕೊಂಡು ಹೊಟ್ಟಿನ ಚೀಲ ತಂದೆ. ಯೀಸ್ಟಿನ ಪೊಟ್ಟಣದ ಮೇಲೆ ಗ್ಲುಟೆನ್ ಇಲ್ಲ ಎಂದು ಬರೆದಿದೆಯೇ ಎಂದು ಈ ಸಲವೂ ನೋಡಿ ತಂದೆ. ಬಾಟಲಿ, ಕೊಳವೆ, ಸೌಟು ಎಲ್ಲ ಹೊಸದು. ಬೇರೆಯವರು ಬಳಸಿದ್ದು ಅಗ್ಗಕ್ಕೆ ಸಿಗುತ್ತಿದ್ದರೂ, ಅದಕ್ಕೆ ಬಾರ್ಲಿ ಸೋಕಿರುತ್ತದೆಂದು ಮುಟ್ಟಲಿಲ್ಲ. ರಸವನ್ನು ಹುದುಗಿಸಲು ಹಳೆಯದೊಂದು ಫ್ರಿಜ್ಜಿಗೆ ತಾಪ ಹಿಡಿದಿಡುವ ಸ್ವಿಚ್ಚು ಜೋಡಿಸಿದೆ. ಕೈ ಹಾಕಲಿಲ್ಲ, ಮುಚ್ಚಳ ತೆಗೆಯಲಿಲ್ಲ, ಇಣುಕಲಿಲ್ಲ. ನನ್ನಂಥವಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಒಂದೇ ತೊಂದರೆಯಾದದ್ದು ಪುಡಿ ಮಾಡುವಾಗ. ಕಾಳು ನುಣ್ಣಗಾಗಬಾರದು, ತರಿತರಿಯಾಗಿ ಒಡೆಯಬೇಕು. ಮಿಕ್ಸಿ ಒಂದೋ ಹಿಟ್ಟು ಮಾಡುತ್ತಿತ್ತು, ಇಲ್ಲವೇ ಕಾಳನ್ನು ಹಾಗೇ ಬಿಡುತ್ತಿತ್ತು. ನಾನು ಬಿಡದೆ ತಿರುಗಿಸಿದೆ, ಅದು ಹೊಗೆ ಬಿಟ್ಟು ಸತ್ತಿತು. ಊರಿಂದ ತಂದ ಮಿಕ್ಸಿ! ಅದನ್ನು ಬೈಯುತ್ತಲೇ ರಾಗಿಯ ಡಬ್ಬಿ ಕಾರಿಗೆ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ಅಲ್ಲೊಂದು ಗಿರಣಿಯಿದೆ. ಎರಡು ಉರುಳೆ, ನಡುವೆ ಸಂದು, ಕಾಳಿನ ಗಾತ್ರಕ್ಕೆ ತಕ್ಕಂತೆ ಸಂದು ಹೊಂದಿಸಬಹುದು. "ರಾಗಿ ಒಡೆದುಕೊಡ್ತೀಯಾ?" ಎಂದೆ. "ನೋ ವರೀಸ್" ಎಂದ. ಉರುಳೆಗಳನ್ನು ಹತ್ತಿರ ಮಾಡಿ ತಿರುಗಿಸಿದ. ಎಷ್ಟು ಚೆಂದದ ತರಿ ಬಿತ್ತೆಂದರೆ, ಖುಷಿಯಲ್ಲಿ ಅಲ್ಲೇ ಕುಣಿಯುವಂತಾಯಿತು.

ಎಲ್ಲವೂ ಬರಬೇಕಾದ ಹಾಗೆ ಬಂತು. ನಲ್ಲಿ ತಿರುಗಿಸಿದಾಗ ರಸ ಸಣ್ಣ ಎಳೆಯಾಗಿ, ನಿಲ್ಲದೆ, ಸದ್ದಿಲ್ಲದೆ ಇಳಿಯಿತು. ನಾನು ನೆಲದ ಮೇಲೆ ಕೂತು ಅದನ್ನೇ ನೋಡಿದೆ. ವಾರಗಳು ಕಳೆದ ಮೇಲೆ, ಅವನು ಕೆಲಸದಿಂದ ಬರುವ ಮೊದಲು, ಒಬ್ಬಳೇ ಒಂದು ಬಾಟಲಿ ತೆರೆದೆ. ಟಸ್ ಎಂದಿತು. ಕೆಂಪು ಮಿಶ್ರಿತ ಕಂದು, ಮೇಲೆ ಬೆರಳಗಲ ನೊರೆ. ಕುಡಿದೆ. ಬಿಯರ್! ಅಪ್ಪಟ ಬಿಯರ್. ಹಿಂದಿನಿಂದ ರಾಗಿಯ ಒಂದು ಮಣ್ಣಿನ ರುಚಿ, ಹದವಾದ ಕಹಿ, ಕೊನೆಗೆ ಬೆಲ್ಲದ ನೆನಪಿನಂಥದ್ದೇನೋ. ನನ್ನ ಕಣ್ಣಲ್ಲಿ ನೀರು ಬಂತು. ಕುರ್ಚಿ ಒರೆಸಿದೆ. ಎರಡು ಲೋಟ ತೊಳೆದೆ. ಅವನ ಕಾರಿನ ಸದ್ದು ಕೇಳಿದಾಗ ಹೊಸ ಬಾಟಲಿ ತೆಗೆದು ಸಮನಾಗಿ ಬಗ್ಗಿಸಿದೆ.

"ಬಾ ಇಲ್ಲಿ" ಎಂದೆ. ಬಂದ. ಲೋಟದ ಕಡೆ ನೋಡಿದ, ನನ್ನ ಮುಖ ನೋಡಿದ. ಏನನಿಸಿತೋ, ಬ್ಯಾಗನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತ. ಎಷ್ಟು ದಿನದ ಮೇಲೆ ಕೂತ! ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದ. ಅವನ ಮುಖ ಬದಲಾಯಿತು. ನಾಟಕವಲ್ಲ, ನನಗೆ ಗೊತ್ತಾಗುತ್ತದೆ.

"ಲೇ, ಇದು ಬಿಯರ್ ಕಣೆ!"

"ಮತ್ತಿನ್ನೇನು, ಕಷಾಯನಾ?"

ನಕ್ಕ. "ಮಿಕ್ಸಿ ಸುಟ್ಟೋಗಿತ್ತಲ್ಲ. ಪುಡಿ ಹೆಂಗ್ಮಾಡ್ದೆ?" ಎನ್ನುತ್ತ ಲೋಟವನ್ನು ತುಟಿಯ ಹತ್ತಿರ ತಂದ.

"ಅಂಗಡಿ ಗಿರಣೀಲಿ ಒಡೆಸ್ದೆ. ಅವ್ನು ಎಷ್ಟು ಚೆನ್ನಾಗಿ..." ಎಂದವಳು ಅಲ್ಲೇ ನಿಂತೆ.

ಗಿರಣಿ. ಉರುಳೆಗಳ ಅಂಚಿಗೆ, ತೊಟ್ಟಿಯ ಮೂಲೆಗೆ ಮೆತ್ತಿಕೊಂಡಿದ್ದ ಬಿಳೀ ಪುಡಿ ಕಣ್ಣ ಮುಂದೆ ಬಂತು. ಬೆಳಗಿನಿಂದ ಸಂಜೆಯವರೆಗೆ ಊರಿನವರೆಲ್ಲ ಬಾರ್ಲಿ ಒಡೆಸುವ ಗಿರಣಿ. ಆ ಪುಡಿಯನ್ನು ಆವತ್ತೇ ನೋಡಿದ್ದೆ, ನೋಡಿಯೂ ನೋಡಿರಲಿಲ್ಲ.

"ಕುಡೀಬೇಡ!" ಎಂದು ಕಿರುಚಿ ಅವನ ಕೈಗೆ ಹೊಡೆದೆ. ಲೋಟ ಠಣ್ಣೆಂದು ಇಟ್ಟಿಗೆಯ ಮೇಲೆ ಬಿದ್ದು ಉರುಳಿತು, ನೊರೆ ಅವನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. "ಕುಡಿದ್ಯಾ? ನಾಲ್ಗೆಗೆ ತಾಗ್ತಾ? ಹೇಳು!"

"ಇಲ್ಲ ಮಾರಾಯ್ತಿ, ಇಲ್ಲ. ಏನಾಯ್ತು?"

ಹೇಳಿದೆ. ಹೇಳುತ್ತ ಹೇಳುತ್ತ ಅಳು, ಅಳುತ್ತ ಅಳುತ್ತ ಸಿಟ್ಟು. ಊರವರ ಸೌಟು ಹಿಡಿದು ವಿಚಾರಣೆ ಮಾಡಿದವಳು ನಾನು, ಗಿರಣಿ ತೊಳೆದಿದೆಯೇ ಎಂದು ಒಂದು ಮಾತು ಕೇಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೊದಲೆರಡು ಸಲ ಬಾಯಿಗಿಡಲಾಗದ್ದು ಮಾಡಿದೆ, ಅದನ್ನು ಅವನು ಕುಡಿಯಬಹುದಿತ್ತು. ಈಗ ಬಿಯರ್ ಆಯಿತು, ಕುಡಿಯುವ ಹಾಗಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಎಲ್ಲ ಚೆಲ್ತೀನಿ, ಇವತ್ತೇ ಚೆಲ್ತೀನಿ, ಆ ದರಿದ್ರ ಪಾತ್ರೇನೂ ಎಸೀತೀನಿ!" ಎಂದು ಎದ್ದೆ.

"ಆಮೇಲೆ ಚೆಲ್ಲು. ಈಗ ಕೂತ್ಕೋ" ಎಂದ ಅವನು.

ನಾನು ನಿಂತೇ ಇದ್ದೆ. ಅವನು ನನ್ನ ಸೆರಗು ಹಿಡಿದೆಳೆಯುವ ಕಾಲದವನಲ್ಲ, ನಾನು ಸೀರೆಯಲ್ಲಿಯೂ ಇರಲಿಲ್ಲ. ಟೀ ಶರ್ಟಿನ ಅಂಚು ಹಿಡಿದು ಎಳೆದ. "ಕೂತ್ಕೋ ಅಂದ್ನಲ್ಲ. ಇಷ್ಟೆಲ್ಲ ಬಿಯರ್‌ಗೋಸ್ಕರ ಮಾಡಿದ್ದಲ್ಲ ನೀನು. ನಂಗೆ ಗೊತ್ತಾಗಲ್ವಾ?"

"ಗೊತ್ತಿದ್ರೆ ಇಷ್ಟು ದಿನ ಯಾಕೆ ಬಂದು ಕೂರ್ಲಿಲ್ಲ?" ಕೇಳಿಯೇಬಿಟ್ಟೆ, ಕೊನೆಗೂ.

ಅವನು ಬಿದ್ದ ಲೋಟ ಎತ್ತಿ ಕೈಯಲ್ಲಿ ತಿರುಗಿಸಿದ. "ಇಲ್ಲಿ ಕೂತ್ರೆ ನೀನೂ ಕುಡಿಯಲ್ಲ, ನನ್ನ ಮುಖಾನೇ ನೋಡ್ತೀಯ. ಪಾಪ ಅನ್ನೋ ಹಾಗೆ. ಅದು ನಂಗಾಗಲ್ಲ ಕಣೆ. ಸೋಫಾ ಮೇಲೆ ಯಾರೂ ಪಾಪ ಅನ್ನಲ್ಲ."

ನಾನು ಅವನನ್ನು ಹಾಗೆ ನೋಡುತ್ತಿದ್ದೆನೇ? ನೋಡುತ್ತಿದ್ದೆ. ಅವನು ಒಳಗೆ ಹೋಗಿ, ಸೋಪು ಹಚ್ಚಿ ಲೋಟವನ್ನೂ ಕೈಯನ್ನೂ ತೊಳೆದು, ಅದೇ ಲೋಟದ ತುಂಬ ಮಜ್ಜಿಗೆ ಹಿಡಿದುಕೊಂಡು ಬಂದು ನನ್ನೆದುರು ಕೂತ. ನನ್ನ ಲೋಟ ಇನ್ನೂ ತುಂಬಿತ್ತು, ನೊರೆ ಇಳಿದಿತ್ತು. ಅದನ್ನು ನನ್ನ ಕಡೆ ತಳ್ಳಿದ.

"ನೀನು ಕುಡಿ. ಹೆಂಗಿದೆ ಹೇಳು."

ನಾನು ಒಂದು ಗುಟುಕು ಕುಡಿದೆ. ಅಷ್ಟು ಚೆನ್ನಾಗಿರುವುದನ್ನು ಅವನ ಮುಖ ನೋಡಿಕೊಂಡು ಚೆನ್ನಾಗಿದೆ ಎನ್ನಲು ನಾಲಿಗೆ ಏಳಲಿಲ್ಲ. "ಸುಮಾರಾಗಿದೆ" ಎಂದೆ.

"ಸುಳ್ಳು ಬೊಗಳ್ಬೇಡ" ಎಂದ, ನನ್ನದೇ ಧಾಟಿಯಲ್ಲಿ. ಕುರ್ಚಿಗೆ ಒರಗಿ, ಕಾಲು ಚಾಚಿ, ಮಜ್ಜಿಗೆಯನ್ನು ಬಿಯರಿನ ಹಾಗೆ ಸಣ್ಣಗೆ ಗುಟುಕರಿಸಿದ. "ಸರಿಯಾಗಿ ಹೇಳು. ನಂಗೇನೂ ಆತುರ ಇಲ್ಲ."